ಹೊಲವು ಬಡಾವಣೆಯಾದ ಬಗೆ

ಅನ್ನ, ಬಟ್ಟೆ, ವಸತಿ ಇವು ಮಾನವನ ಮೂಲಭೂತ ಅಗತ್ಯಗಳು. ಇವುಗಳಲ್ಲಿ ಅನ್ನಕ್ಕೂ ನೆಲ ಬೇಕು, ವಸತಿಗೂ ನೆಲ ಬೇಕು. ಜನಸಂಖ್ಯೆ ಹೆಚ್ಚುತ್ತದೆ, ಆದರೆ ನೆಲ ಹೆಚ್ಚುವುದಿಲ್ಲ. ಆದುದರಿಂದ ಊರು ಬೆಳೆದಂತೆಲ್ಲ ಅದರ ಅಂಚಿನಲ್ಲಿರುವ ಹೊಲಗದ್ದೆಗಳು ಮನೆಗಳಿಗೆ ಸ್ಥಳ ಬಿಟ್ಟುಕೊಡಬೇಕಾಗುತ್ತದೆ. ಬೆಂಗಳೂರಿನಂತಹ ಮಹಾನಗರದಲ್ಲಾಗಲಿ, ರಾಜ್ಯದ ಉತ್ತರದ ಗಡಿಯಲ್ಲಿರುವ ಬೋರಗಾಂವದಂತಹ ಸಣ್ಣ ಪಟ್ಟಣದಲ್ಲಾಗಲಿ ನಡೆಯುವುದು ಇದೇ. ಹೊಲವೊಂದು ಬಡಾವಣೆಯಾಗುವುದು ಹೇಗೆ, ಆಗ ದೊರೆಯುವುದೇನು, ಕಳೆದುಹೋಗುವುದೇನು ಎಂಬುದನ್ನು ತಿಳಿಯಲು ಬೆಂಗಳೂರಿನ ಜಯನಗರದ ಇತಿಹಾಸ ಒಳ್ಳೆಯ ನಿದರ್ಶನವಾಗಿದೆ.

ಬೆಂಗಳೂರು ನಗರವನ್ನು ಕೆಂಪೇಗೌಡನು 1537ರಲ್ಲಿ ಕಟ್ಟಿಸಿದನೆಂದು ಪ್ರತೀತಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿಗೆ ದೊಡ್ಡ ನದಿಯ ಆಸರೆಯಿಲ್ಲ. ಆದುದರಿಂದ ಹಿಂದಿನವರು ತಗ್ಗಿನ ಎಡೆಗಳಲ್ಲೆಲ್ಲ ಏರಿ ಹಾಕಿ ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ತುಂಬಿದರೆ ಅದರ ಕೋಡಿಯ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಗೆ ಹರಿಯುತ್ತಿತ್ತು. ಈ ಕೆರೆಗಳ ನೆರಳಿನಲ್ಲಿಯೇ ಪೇಟೆಯ ಸುತ್ತಲಿನ ಹಳ್ಳಿಗಳು ಬಾಳಿದವು. ಹಳ್ಳಿಯವರು ರಾಗಿ, ಅವರೆ, ಹೂವು, ತರಕಾರಿಗಳನ್ನು ಬೆಳೆದು ಪೇಟೆಗೆ ತರುತ್ತಿದ್ದರು. ಪೇಟೆಯವರು ಅದನ್ನು ಕೊಂಡು ಉಣ್ಣುತ್ತಿದ್ದರು. ಊರು ಮತ್ತು ಹೊಲಗಳ ನಡುವಣ ಈ ಸಂಬಂಧ ಬಹುಕಾಲ ಕೆಡದೆ ಉಳಿದಿತ್ತು.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಮಾರಿ ಕಾಲಿಟ್ಟಿತು. ಇಕ್ಕಟ್ಟಾದ ಬೀದಿಗಳು, ಗಾಳಿ ಬೆಳಕಿಲ್ಲದ ಮನೆಗಳು, ಇಲಿಗಳ ಕಾಟ ಇವುಗಳಿಂದ ರೋಗವು ಪೇಟೆಯಲ್ಲಿ ಬೇಗನೆ ಹರಡಿತು. ಸಾವಿರಾರು ಜನ ಮಡಿದರು. ಅನೇಕರು ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಆರೋಗ್ಯಕರವಾದ ಹೊಸ ಬಡಾವಣೆಗಳು ಬೇಕೆಂಬ ಅರಿವು ಆಗ ಬಲವಾಯಿತು. ಅಗಲವಾದ ನೇರ ರಸ್ತೆಗಳು, ಮನೆಗಳ ಸುತ್ತ ತೆರಪು, ಚರಂಡಿಯ ವ್ಯವಸ್ಥೆ ಇವುಗಳನ್ನೊಳಗೊಂಡ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಆ ಕಾಲದಲ್ಲಿ ರೂಪುಗೊಂಡವು.

ಈ ಬಡಾವಣೆಗಳೂ ಬರಿದಾದ ನೆಲದ ಮೇಲೆ ಏಳಲಿಲ್ಲ. ಬಸವನಗುಡಿಯ ಪ್ರದೇಶದಲ್ಲಿ ಸುಂಕೇನಹಳ್ಳಿ, ಗವಿಪುರ, ಮಾವಳ್ಳಿ ಮೊದಲಾದ ಹಳ್ಳಿಗಳಿದ್ದವು. ಅಲ್ಲಿನ ರೈತರು ಕಡಲೆಕಾಯಿ ಬೆಳೆಯುತ್ತಿದ್ದರು. ಬೆಳೆಯನ್ನು ಮೇಯುತ್ತಿದ್ದ ಬಸವನು ಕಲ್ಲಾಗಿ ನಿಂತನೆಂದೂ, ರೈತರು ಅವನಿಗೆ ಮೊದಲ ಬೆಳೆಯನ್ನು ಅರ್ಪಿಸತೊಡಗಿದರೆಂದೂ ಐತಿಹ್ಯವಿದೆ. ಇಂದು ಅಲ್ಲಿ ಕಡಲೆಕಾಯಿಯ ಹೊಲಗಳಿಲ್ಲ. ಆದರೆ ಕಾರ್ತಿಕ ಮಾಸದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿ ಪರಿಷೆ ತಪ್ಪದೆ ಸೇರುತ್ತದೆ. ದೂರದ ಊರುಗಳ ರೈತರು ಅಲ್ಲಿಗೆ ಬಂದು ರಾಶಿ ಹಾಕುತ್ತಾರೆ. ಹೊಲ ಹೋದರೂ ಹೊಲದ ಹಬ್ಬ ಉಳಿದಿರುವುದಕ್ಕೆ ಇದು ಸೊಗಸಾದ ಸಾಕ್ಷಿ.

ಇಪ್ಪತ್ತನೆಯ ಶತಮಾನದ ನಡುಭಾಗಕ್ಕೆ ಬರುವ ವೇಳೆಗೆ ಬೆಂಗಳೂರಿನ ಸ್ವರೂಪವೇ ಬದಲಾಯಿತು. 1940ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಸ್ಥಾಪನೆಯಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಉದ್ಯೋಗವನ್ನರಸಿ ಬಂದವರ ಸಂಖ್ಯೆ ಹೆಚ್ಚಿತು. 1941ರ ಜನಗಣತಿಯಲ್ಲಿ ಸುಮಾರು 4 ಲಕ್ಷದಷ್ಟಿದ್ದ ಜನಸಂಖ್ಯೆ 1951ರಲ್ಲಿ ಸುಮಾರು 7.8 ಲಕ್ಷಕ್ಕೆ ಏರಿತು. ಹತ್ತು ವರ್ಷಗಳಲ್ಲಿ ಊರು ಬಹುಮಟ್ಟಿಗೆ ಇಮ್ಮಡಿಯಾಯಿತು. ಬಾಡಿಗೆಯ ಮನೆಗಳು ಸಿಕ್ಕುವುದು ಕಷ್ಟವಾಯಿತು. ನಗರವನ್ನು ಕ್ರಮವಾಗಿ ಬೆಳೆಸುವ ಹೊಣೆಯನ್ನು ಒಂದು ಸಂಸ್ಥೆಗೆ ವಹಿಸಬೇಕೆಂದು ಮೈಸೂರು ಸರ್ಕಾರ ನಿರ್ಧರಿಸಿತು. 1945ರಲ್ಲಿ ಬೆಂಗಳೂರು ನಗರಾಭಿವೃದ್ಧಿ ವಿಶ್ವಸ್ತ ಮಂಡಲಿ ಅಸ್ತಿತ್ವಕ್ಕೆ ಬಂದುದು ಹೀಗೆ. ಈ ಮಂಡಲಿಯ ಸ್ಥಾನದಲ್ಲಿ 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ರಚಿತವಾಯಿತು.

ವಿಶ್ವಸ್ತ ಮಂಡಲಿಯ ದೃಷ್ಟಿ ಲಾಲ್‌ಬಾಗಿನ ದಕ್ಷಿಣಕ್ಕಿದ್ದ ವಿಶಾಲವಾದ ಬಯಲಿನ ಮೇಲೆ ಬಿದ್ದಿತು. ನಕ್ಷೆ ಬರೆಯುವವನಿಗೆ ಅದು ಖಾಲಿಯಾದ ಪ್ರದೇಶದಂತೆ ತೋರಿದ್ದರೂ ತೋರಿರಬಹುದು. ಆದರೆ ಅಲ್ಲಿ ಸಿದ್ದಾಪುರ, ಬೈರಸಂದ್ರ, ಯಡಿಯೂರು, ಕನಕನಪಾಳ್ಯ, ಮಾರೇನಹಳ್ಳಿ ಮೊದಲಾದ ಊರುಗಳಿದ್ದವು. ಈ ಹೆಸರುಗಳೇ ನೆಲದ ಚರಿತ್ರೆಯನ್ನು ಹೇಳುತ್ತವೆ. ಬೆಂಗಳೂರಿನ ಸುತ್ತಮುತ್ತ ‘ಸಂದ್ರ’ ಎಂದು ಮುಗಿಯುವ ಊರುಗಳು ಅನೇಕ. ‘ಸಂದ್ರ’ವೆಂಬುದು ‘ಸಮುದ್ರ’ ಎಂಬುದರ ತದ್ಭವ. ಹಿಂದಿನವರು ದೊಡ್ಡ ಕೆರೆಯನ್ನು ಅಭಿಮಾನದಿಂದ ಸಮುದ್ರವೆಂದು ಕರೆಯುತ್ತಿದ್ದರು. ಬೈರಸಂದ್ರಕ್ಕೆ ಒಂದು ಕೆರೆ, ಯಡಿಯೂರಿಗೆ ಒಂದು ಕೆರೆ. ಸಿದ್ದಾಪುರವು ಹೂವಿನ ಗಿಡ, ಹಣ್ಣಿನ ಸಸಿಗಳ ಸಸ್ಯತೋಟಗಳಿಗೆ ಹೆಸರಾಯಿತು.

ಇಂತಹ ಹಳ್ಳಿಯಲ್ಲಿ ಕೆರೆಯೆಂದರೆ ಬರಿಯ ನೀರಿನ ರಾಶಿಯಲ್ಲ. ಏರಿಯ ಕೆಳಗಣ ಗದ್ದೆಗಳಿಗೆ ಅಚ್ಚುಕಟ್ಟು ಎಂದು ಹೆಸರು. ತೂಬನ್ನು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ನೀರು ಬಿಡಬೇಕು ಎಂಬುದನ್ನು ನೀರಗಂಟಿ ನೋಡಿಕೊಳ್ಳುತ್ತಿದ್ದನು. ಬೇಸಗೆಯಲ್ಲಿ ಕೆರೆಯ ಹೂಳನ್ನೆತ್ತಿ ರೈತರು ಹೊಲಗಳಿಗೆ ಗೊಬ್ಬರವಾಗಿ ಹೊಡೆಯುತ್ತಿದ್ದರು. ಇದರಿಂದ ಹೊಲಕ್ಕೆ ಸತ್ತ್ವ ಬರುತ್ತಿತ್ತು, ಕೆರೆಗೆ ಆಳ ಬರುತ್ತಿತ್ತು. ಕೆರೆಯಲ್ಲಿ ನೀರು ನಿಂತರೆ ಸುತ್ತಲಿನ ಬಾವಿಗಳಲ್ಲಿಯೂ ಸೆಲೆ ಉಳಿಯುತ್ತಿತ್ತು. ಹೀಗೆ ಹೊಲ ಕೆರೆಯನ್ನೂ ಕೆರೆ ಹೊಲವನ್ನೂ ಪರಸ್ಪರ ಕಾಪಾಡುತ್ತಿದ್ದವು.

ಹೊಲವು ಬಡಾವಣೆಯಾಗುವ ಕ್ರಮ ಒಂದೇ ದಿನದಲ್ಲಿ ಮುಗಿಯುವಂತಹುದಲ್ಲ. ಸಾರ್ವಜನಿಕ ಉದ್ದೇಶಕ್ಕಾಗಿ ಇಂತಿಂತಹ ಸರ್ವೆ ನಂಬರಿನ ಜಮೀನು ಬೇಕಾಗಿದೆಯೆಂದು ಸರ್ಕಾರ ಮೊದಲು ಪ್ರಕಟಣೆ ಹೊರಡಿಸುತ್ತದೆ. ಜಮೀನಿನ ಒಡೆಯರು ತಮ್ಮ ಆಕ್ಷೇಪಣೆಗಳನ್ನು ಸಲ್ಲಿಸಬಹುದು. ಅವುಗಳ ವಿಚಾರಣೆಯಾದ ಮೇಲೆ ಅಂತಿಮ ಪ್ರಕಟಣೆ ಬರುತ್ತದೆ. ಅನಂತರ ಪರಿಹಾರದ ಹಣವನ್ನು ಗೊತ್ತುಪಡಿಸಿ ಜಮೀನನ್ನು ವಶಪಡಿಸಿಕೊಳ್ಳುತ್ತಾರೆ. ಆಮೇಲೆ ಅಳತೆಯವರು ಬಂದು ಬದುಗಳನ್ನು ಲೆಕ್ಕಿಸದೆ ನೇರ ಗೆರೆಗಳನ್ನೆಳೆದು ಕಲ್ಲು ನೆಡುತ್ತಾರೆ. ತಲೆಮಾರುಗಳಿಂದ ಬಂದ ಹೊಲಗಳ ವಕ್ರರೇಖೆಗಳು ಅಳಿಸಿಹೋಗಿ, ಮುಖ್ಯರಸ್ತೆ, ಅಡ್ಡರಸ್ತೆಗಳ ಚೌಕಗಳು ಮೂಡುತ್ತವೆ. ಎಕರೆ, ಗುಂಟೆಗಳ ಮಾತು ಹೋಗಿ ಅಡಿಗಳ ಮಾತು ಬರುತ್ತದೆ.

ಈ ಬದಲಾವಣೆಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲದ ನೆಲ. ಅಂದರೆ 1,089 ಚದರ ಅಡಿ. ಇಂತಹ 40 ಗುಂಟೆಗಳಿಗೆ ಒಂದು ಎಕರೆ. ಅದು 43,560 ಚದರ ಅಡಿಗಳಾಗುತ್ತದೆ. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನಕ್ಕೆ 1,200 ಚದರ ಅಡಿ ಬೇಕು. ಹಾಗಾದರೆ ಎಕರೆಯೊಂದರಲ್ಲಿ 36 ನಿವೇಶನಗಳಾಗಬೇಕು. ಆದರೆ ಬಡಾವಣೆಯೆಂದರೆ ಮನೆಗಳ ಸಾಲು ಮಾತ್ರವಲ್ಲ. ರಸ್ತೆ, ಉದ್ಯಾನ, ಆಟದ ಬಯಲು, ಶಾಲೆ, ಆಸ್ಪತ್ರೆ, ಅಂಗಡಿ ಇವೆಲ್ಲಕ್ಕೂ ಸ್ಥಳ ಬೇಕು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಯಂತೆ ಬಡಾವಣೆಯ ಒಟ್ಟು ನೆಲದಲ್ಲಿ ಶೇಕಡ 15ಕ್ಕೆ ಕಡಮೆಯಿಲ್ಲದಷ್ಟನ್ನು ಉದ್ಯಾನ, ಆಟದ ಬಯಲುಗಳಿಗೂ, ಶೇಕಡ 10ಕ್ಕೆ ಕಡಮೆಯಿಲ್ಲದಷ್ಟನ್ನು ನಾಗರಿಕ ಸೌಲಭ್ಯಗಳಿಗೂ ಬಿಡಬೇಕು. ರಸ್ತೆಗಳಿಗೆ ಬಿಟ್ಟುದನ್ನೂ ಕಳೆದರೆ ನಿವೇಶನಗಳಿಗೆ ಶೇಕಡ 55ರಷ್ಟು ಉಳಿಯುವುದುಂಟು. ಆಗ ಎಕರೆಯೊಂದರಲ್ಲಿ ಸುಮಾರು 20 ನಿವೇಶನಗಳಾಗುತ್ತವೆ. ಒಂದು ರೈತಕುಟುಂಬ ಉತ್ತು ಬಿತ್ತುತ್ತಿದ್ದ ನೆಲದಲ್ಲಿ ಇಪ್ಪತ್ತು ಕುಟುಂಬಗಳು ನೆಲಸುತ್ತವೆ. ಬಡಾವಣೆಯನ್ನು ಸಮರ್ಥಿಸುವವರ ಬಲವಾದ ವಾದ ಇದೇ. ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

1948ರ ಆಗಸ್ಟ್ 20ರಂದು ಜಯನಗರಕ್ಕೆ ಶಂಕುಸ್ಥಾಪನೆಯಾಯಿತು. ಸ್ವತಂತ್ರ ಭಾರತದ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿಯವರು ಅದನ್ನು ನೆರವೇರಿಸಿದರು. ಅದರ ನೆನಪಿಗಾಗಿ ಒಂದನೆಯ ಬ್ಲಾಕಿನಲ್ಲಿ ಸಿಂಹಗಳ ಶಿರಸ್ಸುಳ್ಳ ಅಶೋಕ ಸ್ತಂಭವೊಂದನ್ನು ನಿಲ್ಲಿಸಿದರು. ಮೈಸೂರಿನ ಮಹಾರಾಜರಾಗಿದ್ದ ಜಯಚಾಮರಾಜ ಒಡೆಯರ ಹೆಸರಿನಿಂದ ಬಡಾವಣೆಗೆ ಈ ಹೆಸರು ಬಂದಿತೆಂದು ಹೇಳುತ್ತಾರೆ. ಸ್ವಾತಂತ್ರ್ಯ ಬಂದು ಒಂದು ವರ್ಷವಷ್ಟೇ ಕಳೆದಿದ್ದ ಕಾಲ ಅದು. ಎಲ್ಲರಿಗೂ ಗಾಳಿ ಬೆಳಕಿರುವ ಮನೆ ದೊರೆಯಬೇಕೆಂಬ ಹೊಸ ನಾಡಿನ ಹಂಬಲವನ್ನು ಆ ಸ್ತಂಭದಲ್ಲಿ ಕಾಣಬಹುದು.

ಬಡಾವಣೆಯನ್ನು ಬ್ಲಾಕುಗಳಾಗಿ ವಿಂಗಡಿಸಲಾಯಿತು. ದಿನಬಳಕೆಯ ಅಗತ್ಯಗಳು ನಡೆದುಹೋಗುವಷ್ಟು ದೂರದಲ್ಲಿಯೇ ದೊರೆಯಬೇಕೆಂಬುದು ಇಂತಹ ಯೋಜನೆಯ ತತ್ತ್ವ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಸುಳ್ಳಲ್ಲ. ಗುಮಾಸ್ತರು, ಉಪಾಧ್ಯಾಯರು, ಕಾರ್ಖಾನೆಯ ನೌಕರರು ಮೊದಲಾದ ಮಧ್ಯಮವರ್ಗದವರು ಕೂಡಿಟ್ಟ ಹಣದಿಂದಲೂ ಸಾಲದಿಂದಲೂ ಇಂತಹ ಬಡಾವಣೆಗಳಲ್ಲಿ ಮನೆಗಳನ್ನು ಕಟ್ಟಿಕೊಂಡರು. 1970ರ ದಶಕದಲ್ಲಿ ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ದೊಡ್ಡ ವಾಣಿಜ್ಯ ಸಂಕೀರ್ಣವೊಂದು ನಿರ್ಮಾಣವಾಯಿತು. ರಸ್ತೆಯ ಬದಿಯ ಸಾಲುಮರಗಳು ಬೆಳೆದು ನೆರಳು ಚೆಲ್ಲಿದವು. ಊರ ಹೊರಗಿನ ಬಯಲಾಗಿದ್ದ ಪ್ರದೇಶ ನಗರದ ನಡುಭಾಗವಾಯಿತು. 2017ರಿಂದ ಮೆಟ್ರೋ ರೈಲು ಸಹ ಜಯನಗರದ ಮೂಲಕ ಓಡುತ್ತಿದೆ.

ಇಷ್ಟೆಲ್ಲ ಒಳಿತನ್ನು ಕಂಡ ಮೇಲೆ ಹೊಲದ ಒಡೆಯನ ಕಡೆಗೂ ನೋಡಬೇಕು. ಭೂಸ್ವಾಧೀನದಲ್ಲಿ ರೈತನಿಗೆ ಪರಿಹಾರವೆಂದು ಒಮ್ಮೆ ಹಣ ದೊರೆಯುತ್ತದೆ. ಹೊಲವಾದರೋ ವರ್ಷ ವರ್ಷವೂ ಫಲ ಕೊಡುವಂತಹುದು. ಬೇಸಾಯವನ್ನಲ್ಲದೆ ಬೇರೆ ವಿದ್ಯೆಯನ್ನರಿಯದವನ ಕೈಯಲ್ಲಿ ಹಣ ಬಹುಕಾಲ ನಿಲ್ಲುವುದು ಅಪರೂಪ. ಅಷ್ಟೇ ಅಲ್ಲ, ಪರಿಹಾರ ಸಲ್ಲುವುದು ಮುಖ್ಯವಾಗಿ ದಾಖಲೆಯಲ್ಲಿ ಹೆಸರಿದ್ದವರಿಗೆ. ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯ ಹೆಂಗಸು, ನೇಗಿಲಿನ ಗುಳ ಹರಿತ ಮಾಡುತ್ತಿದ್ದ ಕಮ್ಮಾರ, ತೂಬನ್ನು ಕಾಯುತ್ತಿದ್ದ ನೀರಗಂಟಿ ಇವರ ಬದುಕೂ ಅದೇ ನೆಲವನ್ನು ನಂಬಿತ್ತು. ಆದರೆ ಇವರ ಹೆಸರು ಪಹಣಿಯಲ್ಲಿರಲಿಲ್ಲ. ಹೊಲದೊಡನೆ ಇವರ ಕೆಲಸವೂ ಹೋಯಿತು. ಅದಕ್ಕೆ ಬೆಲೆ ಕಟ್ಟುವವರಿರಲಿಲ್ಲ.

ಹಳೆಯ ಹಳ್ಳಿಗಳ ಮನೆಗಳು ಮಾತ್ರ ಇದ್ದಲ್ಲಿಯೇ ಉಳಿದವು. ಇಂದಿಗೂ ಜಯನಗರದ ನೇರವಾದ ರಸ್ತೆಗಳಲ್ಲಿ ನಡೆಯುತ್ತ ಸಿದ್ದಾಪುರ, ಬೈರಸಂದ್ರ, ಯಡಿಯೂರುಗಳ ಹಳೆಯ ಭಾಗವನ್ನು ಹೊಕ್ಕರೆ ಬೀದಿಗಳು ಒಮ್ಮೆಲೇ ಕಿರಿದಾಗಿ ತಿರುಗತೊಡಗುತ್ತವೆ. ಬಡಾವಣೆಯೇ ಹಳೆಯದು, ಹಳ್ಳಿಯೇ ಅದರ ನಡುವೆ ಬಂದು ಸೇರಿಕೊಂಡಿತೆಂದು ಹೊಸಬನು ಭಾವಿಸಬಹುದು. ನಿಜವಾಗಿ ಹಳ್ಳಿಯೇ ಹಿರಿಯದು; ಬಡಾವಣೆ ಅದರ ಹೊಲದಲ್ಲಿ ಬಂದು ನಿಂತ ಅತಿಥಿ.

ಹೊಲಗಳು ಹೋದ ಮೇಲೆ ಕೆರೆಗಳ ಪಾಡೇನಾಯಿತು? ಅಚ್ಚುಕಟ್ಟು ಇಲ್ಲದ ಕೆರೆಗೆ ದಿಕ್ಕಿಲ್ಲ. ಹೂಳೆತ್ತುವ ರೈತನಿಲ್ಲ, ತೂಬು ಕಾಯುವ ನೀರಗಂಟಿಯಿಲ್ಲ. ನಲ್ಲಿಯ ನೀರಿಗೆ ಒಗ್ಗಿಕೊಂಡ ಜನರಿಗೆ ಕೆರೆ ಬೇಡದ ವಸ್ತುವಾಯಿತು, ಕೊಳಚೆ ನೀರು ಅದರತ್ತ ಹರಿಯಿತು, ಅಂಚುಗಳು ಒತ್ತುವರಿಯಾದವು. ಬೆಂಗಳೂರಿನ ಅನೇಕ ಕೆರೆಗಳು ಹೀಗೆ ಕಣ್ಮರೆಯಾದವು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಯಡಿಯೂರು ಕೆರೆ ಮಾತ್ರ ಭಾಗ್ಯಶಾಲಿ. ಅದನ್ನು ಪುನಃ ಹಸನುಗೊಳಿಸಿ ಸುತ್ತಲೂ ನಡೆದಾಡುವ ದಾರಿ ಮಾಡಿದ್ದಾರೆ. ಬೈರಸಂದ್ರದ ಕೆರೆಯೂ ಕುಗ್ಗಿದ ರೂಪದಲ್ಲಿ ಉಳಿದಿದೆ.

ಕೆರೆಗಳನ್ನು ಮರೆತ ನಗರ ಅದಕ್ಕೆ ತಕ್ಕ ಬೆಲೆಯನ್ನೂ ತೆರುತ್ತಿದೆ. ಕಾವೇರಿ ಯೋಜನೆಯ ಮೊದಲ ಹಂತ 1974ರಲ್ಲಿ ಪೂರ್ಣಗೊಂಡಿತು. ಅಂದಿನಿಂದ ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಯಂತ್ರಗಳ ಬಲದಿಂದ ನೀರನ್ನು ಏರಿಸಿ ತರಬೇಕಾಗಿದೆ. ಬೇಸಗೆಯಲ್ಲಿ ನೀರಿಗಾಗಿ ಪರದಾಡುವ ನಗರವೇ ಮಳೆಗಾಲದಲ್ಲಿ ನೀರಿನಲ್ಲಿ ಮುಳುಗುತ್ತದೆ. ಕಾಲುವೆಯನ್ನು ಮುಚ್ಚಿ ಮನೆ ಕಟ್ಟಿದರೂ ನೀರು ತನ್ನ ಹಳೆಯ ದಾರಿಯನ್ನು ಮರೆಯುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಹೊಸ ಬಡಾವಣೆಗಳಿಗೆ ನೀರು ನುಗ್ಗಿದಾಗ ಅಲ್ಲಿನ ನಿವಾಸಿಗಳನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಸಾಗಿಸಬೇಕಾಯಿತು. ಹೊಲವನ್ನು ಉಳುವ ಟ್ರ್ಯಾಕ್ಟರೇ ಹೊಲದ ಮೇಲೆ ಎದ್ದ ಮನೆಗಳ ಜನರನ್ನು ಕಾಪಾಡಲು ಬಂದಿತು.

ರೈತನಿಗೆ ಆಗುವ ಅನ್ಯಾಯವನ್ನು ತಗ್ಗಿಸಲು ಕಾನೂನುಗಳೂ ಕಾಲಕ್ರಮದಲ್ಲಿ ಬದಲಾದವು. ದೇಶದ 1894ರ ಭೂಸ್ವಾಧೀನ ಕಾಯಿದೆಯಂತೆ ಜಮೀನಿನ ಮಾರುಕಟ್ಟೆಯ ಬೆಲೆಯ ಮೇಲೆ ಶೇಕಡ 15ರಷ್ಟು ಹೆಚ್ಚುವರಿ ಹಣ ಸಲ್ಲುತ್ತಿತ್ತು. 1984ರಲ್ಲಿ ಇದನ್ನು ಶೇಕಡ 30ಕ್ಕೆ ಏರಿಸಲಾಯಿತು. 2013ರ ಹೊಸ ಕಾಯಿದೆಯು ಇದನ್ನು ಶೇಕಡ 100ಕ್ಕೆ ಹೆಚ್ಚಿಸಿತು. ಜಮೀನಿನ ಒಡೆಯರಲ್ಲದೆ ಆ ನೆಲವನ್ನು ನಂಬಿ ಬದುಕುವ ಕೂಲಿಕಾರರನ್ನೂ ಬಾಧಿತರೆಂದು ಪರಿಗಣಿಸಿತು. ಬೆಂಗಳೂರಿನ ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ ಮತ್ತೊಂದು ಮಾರ್ಗವನ್ನು ಅನುಸರಿಸಲಾಯಿತು. ಹಣದ ಬದಲು, ಅಭಿವೃದ್ಧಿಯಾದ ನಿವೇಶನಗಳ ಶೇಕಡ 40ರಷ್ಟು ಭಾಗವನ್ನು, ಎಂದರೆ ಎಕರೆಗೆ 9,583 ಚದರ ಅಡಿಗಳನ್ನು, ಪಡೆಯುವ ಅವಕಾಶ ರೈತನಿಗೆ ದೊರೆಯಿತು. ಹೊಲ ಕೊಟ್ಟವನು ಬಡಾವಣೆಯ ಏಳಿಗೆಯಲ್ಲಿಯೂ ಪಾಲುಗಾರನಾಗಬೇಕೆಂಬ ತತ್ತ್ವ ಇದರಲ್ಲಿದೆ.

ಇದು ರಾಜಧಾನಿಯೊಂದರ ಕಥೆಯಲ್ಲ. ರಾಜ್ಯದ ಇನ್ನೊಂದು ತುದಿಯಲ್ಲಿ, ಬೆಳಗಾವಿ ಜಿಲ್ಲೆಯ ನಿಪ್ಪಾಣಿ ತಾಲ್ಲೂಕಿನಲ್ಲಿ, ಬೋರಗಾಂವವಿದೆ. ದೂಧಗಂಗಾ ನದಿಯ ಬಯಲಿನ ಈ ನಾಡು ಎರೆಮಣ್ಣಿಗೂ ಹೊಗೆಸೊಪ್ಪು, ಕಬ್ಬುಗಳ ಬೆಳೆಗೂ ಹೆಸರಾದುದು. ಇಂತಹ ಊರುಗಳಲ್ಲಿ ಸಾಮಾನ್ಯವಾಗಿ ಬಡಾವಣೆಯಾಗುವುದು ಸರ್ಕಾರದ ಭೂಸ್ವಾಧೀನದಿಂದಲ್ಲ. ಹೊಲದ ಒಡೆಯನ ಅಥವಾ ಅದನ್ನು ಕೊಂಡವನ ಇಚ್ಛೆಯಿಂದ. ಕರ್ನಾಟಕ ಭೂಕಂದಾಯ ಕಾಯಿದೆ, 1964ರ ಪ್ರಕಾರ ಬೇಸಾಯದ ಜಮೀನನ್ನು ಬೇರೆ ಉದ್ದೇಶಕ್ಕೆ ಪರಿವರ್ತಿಸಿಕೊಳ್ಳಬೇಕು. ಆ ಭಾಗದ ಜನರು ಇದನ್ನು ‘ಎನ್.ಎ. ಮಾಡಿಸುವುದು’ ಎನ್ನುತ್ತಾರೆ. ಅನಂತರ ನಕ್ಷೆಗೆ ಮಂಜೂರಾತಿ ಪಡೆದು ಪ್ಲಾಟುಗಳನ್ನು ಮಾಡುತ್ತಾರೆ.

ಮಹಾನಗರದ ಅನುಭವ ಸಣ್ಣ ಊರುಗಳಿಗೆ ದಾರಿದೀಪವಾಗಬೇಕು. ಕಬ್ಬಿಣದ ಅಂಶವುಳ್ಳ ಕಲ್ಲು ಕರಗಿ ಒಂದಂಗುಲ ಎರೆಮಣ್ಣಾಗಲು ನೂರಾರು ವರ್ಷಗಳು ಬೇಕು. ಅದರ ಮೇಲೆ ಕಾಂಕ್ರೀಟು ಹರಡಲು ಒಂದು ದಿನ ಸಾಕು. ಎರೆಭೂಮಿ ಬೇಸಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಉಬ್ಬುತ್ತದೆ. ಆದುದರಿಂದ ಬೆಳೆಗೆ ಅದು ಎಷ್ಟು ಒಳ್ಳೆಯದೋ ಮನೆಯ ತಳಪಾಯಕ್ಕೆ ಅಷ್ಟೇ ಕಷ್ಟದ ನೆಲ. ನದಿಯ ಬಯಲಿನಲ್ಲಿ ಇನ್ನೊಂದು ಅಪಾಯವೂ ಉಂಟು. 2019ರಲ್ಲಿಯೂ 2021ರಲ್ಲಿಯೂ ಕೃಷ್ಣೆ ಮತ್ತು ಅವಳ ಉಪನದಿಗಳಾದ ವೇದಗಂಗಾ, ದೂಧಗಂಗೆಗಳು ಉಕ್ಕಿ ಹರಿದು ಚಿಕ್ಕೋಡಿ, ನಿಪ್ಪಾಣಿ ಭಾಗದ ಅನೇಕ ಊರುಗಳನ್ನು ನುಗ್ಗಿದವು. ಹೊಳೆಯ ನೆರೆ ಹೊಲದ ಮೇಲೆ ಹರಿದರೆ ಒಂದು ಬೆಳೆ ಹೋಗಬಹುದು. ಮನೆಯ ಮೇಲೆ ಹರಿದರೆ ಒಂದು ಜೀವಮಾನದ ಗಳಿಕೆಯೇ ಹೋಗುತ್ತದೆ. ಎಲ್ಲಿ ಉಳಬೇಕು, ಎಲ್ಲಿ ಕಟ್ಟಬೇಕು, ಯಾವ ಜಾಗವನ್ನು ನೀರಿಗೇ ಬಿಡಬೇಕು ಎಂಬ ವಿವೇಕ ಇಲ್ಲಿ ಅತ್ಯಗತ್ಯ.

ಮನೆಗಳು ಬೇಡವೆಂದು ಯಾರೂ ಹೇಳಲಾರರು. ಇಕ್ಕಟ್ಟಿನ ಬೀದಿಗಳಲ್ಲಿ ಪ್ಲೇಗಿಗೆ ತುತ್ತಾದವರನ್ನು ನೆನೆದರೆ, ಗಾಳಿ ಬೆಳಕಿರುವ ಬಡಾವಣೆ ಎಷ್ಟು ದೊಡ್ಡ ವರವೆಂಬುದು ತಿಳಿಯುತ್ತದೆ. ಆದರೆ ಆ ವರವನ್ನು ಕೊಟ್ಟದ್ದು ಹೊಲ. ಒಳ್ಳೆಯ ಬಡಾವಣೆಯೆಂದರೆ ಹೊಲದ ಒಡೆಯನಿಗೂ ಕೂಲಿಯವನಿಗೂ ಅವರವರ ಪಾಲನ್ನು ಸಲ್ಲಿಸಿ, ಕೆರೆಯ ಏರಿಯನ್ನು ಒಡೆಯದೆ, ಕಾಲುವೆಯನ್ನು ಮುಚ್ಚದೆ, ಹಳ್ಳಿಯ ಹೆಸರನ್ನು ಅಳಿಸದೆ ಬೆಳೆದ ಬಡಾವಣೆ. ನಿವೇಶನದ ಪತ್ರದಲ್ಲಿ ಸರ್ವೆ ನಂಬರೆಂಬ ಒಂದು ಅಂಕಿ ಇರುತ್ತದೆ. ಆ ಅಂಕಿ ಒಂದು ಕಾಲದಲ್ಲಿ ರಾಗಿಯ ಹೊಲವೋ ಹೂವಿನ ತೋಟವೋ ಆಗಿತ್ತು. ಅದನ್ನು ಅರಿತವನು ತನ್ನ ಮನೆಯಂಗಳದ ಹಿಡಿ ಮಣ್ಣನ್ನೂ, ಊರಿನಲ್ಲಿ ಉಳಿದಿರುವ ಕೆರೆಯನ್ನೂ ಹಗುರವಾಗಿ ಕಾಣಲಾರನು.